ಗಣಕದ ದ್ವಾರಪಾಲಕ

ಕೋಟೆಯನ್ನು ಕಟ್ಟಿಸುವ ಅರಸನು ಗೋಡೆಯ ಎತ್ತರಕ್ಕಿಂತಲೂ ಹೆಚ್ಚಾಗಿ ಬಾಗಿಲನ್ನು ಕುರಿತು ಆಲೋಚಿಸಬೇಕಾಗಿತ್ತು. ಗೋಡೆಯ ಕೆಲಸ ಒಂದೇ. ಅದು ಎಲ್ಲರನ್ನೂ ತಡೆಯುತ್ತದೆ. ಬಾಗಿಲಿನ ಕೆಲಸ ಎರಡು. ಬರತಕ್ಕವರನ್ನು ಅದು ಒಳಗೆ ಬಿಡಬೇಕು, ಬರಬಾರದವರನ್ನು ಹೊರಗೆ ನಿಲ್ಲಿಸಬೇಕು. ಇದನ್ನು ಮರವಾಗಲಿ ಕಬ್ಬಿಣವಾಗಲಿ ತಾನಾಗಿ ಮಾಡಲಾರದು. ಬಂದವರು ಯಾರೆಂದು ಕೇಳಿ, ಗುರುತನ್ನು ಪರೀಕ್ಷಿಸಿ, ಒಳಗೆ ವಿಚಾರಿಸಿ, ಅನಂತರ ಅಗುಳಿಯನ್ನು ತೆಗೆಯುವ ದ್ವಾರಪಾಲಕನೊಬ್ಬನು ಅಲ್ಲಿ ಇರಲೇಬೇಕು. ಅವನು ಎಚ್ಚರದಿಂದಿದ್ದರೆ ಕೋಟೆಯು ಕೋಟೆ. ಅವನು ಮೈಮರೆತರೆ ಎಂತಹ ಗೋಡೆಯಿದ್ದರೂ ಅದು ಬಯಲೇ ಸರಿ.

ಇಂದಿನ ಗಣಕಯಂತ್ರಕ್ಕೂ ಇಂತಹ ದ್ವಾರಪಾಲಕನುಂಟು. ಶಾಲೆಯ ಪ್ರಯೋಗಾಲಯದಲ್ಲಿಯೋ ಕಚೇರಿಯಲ್ಲಿಯೋ ಗಣಕದ ಗುಂಡಿಯನ್ನು ಒತ್ತಿದ ಸ್ವಲ್ಪ ಹೊತ್ತಿಗೆ ಒಂದು ತೆರೆ ಮೂಡುತ್ತದೆ. ಅದು ಬಳಕೆದಾರನ ಹೆಸರನ್ನು ಕೇಳುತ್ತದೆ. ಅನಂತರ ಅವನಿಗೆ ಮಾತ್ರ ತಿಳಿದಿರುವ ಗುಪ್ತಪದವನ್ನು, ಅಂದರೆ ಪಾಸ್‌ವರ್ಡನ್ನು ಕೇಳುತ್ತದೆ. ಎರಡೂ ಸರಿಯಿದ್ದರೆ ಒಳಗಿನ ಲೋಕವು ತೆರೆದುಕೊಳ್ಳುತ್ತದೆ. ಹೀಗೆ ಒಳಹೋಗುವ ಕ್ರಿಯೆಗೆ ‘ಲಾಗಿನ್’ ಎಂದೂ, ಈ ತೆರೆಯನ್ನು ತೋರಿಸಿ ಪ್ರವೇಶವನ್ನು ನಡೆಸಿಕೊಡುವ ತಂತ್ರಾಂಶಕ್ಕೆ ‘ಡಿಸ್‌ಪ್ಲೇ ಮ್ಯಾನೇಜರ್’ ಎಂದೂ ಹೆಸರು. ದಿನವೂ ಕಾಣುವ ವಸ್ತುವಾದುದರಿಂದ ಇದರ ಬಗೆಗೆ ಯಾರೂ ಹೆಚ್ಚಾಗಿ ಯೋಚಿಸುವುದಿಲ್ಲ. ಆದರೆ ಕೆಲವು ವ್ಯವಸ್ಥೆಗಳಲ್ಲಿ ಈ ದ್ವಾರಪಾಲಕನನ್ನು ಆರಿಸುವ ಅಧಿಕಾರ ಬಳಕೆದಾರನಿಗೇ ಇದೆ. ಅಧಿಕಾರವಿದ್ದಲ್ಲಿ ಹೊಣೆಯೂ ಇರುತ್ತದೆ. ಆದುದರಿಂದ ಆಯ್ಕೆಯನ್ನು ಯಾವ ಆಧಾರದ ಮೇಲೆ ಮಾಡಬೇಕೆಂಬುದನ್ನು ತಿಳಿಯುವುದು ಅವಶ್ಯಕ.

ಗಣಕಗಳು ಹುಟ್ಟಿದ ಕಾಲದಲ್ಲಿ ಇಂತಹ ಬಾಗಿಲು ಇರಲಿಲ್ಲ. ಒಂದು ಹೊತ್ತಿಗೆ ಒಬ್ಬರ ಕೆಲಸವನ್ನು ಮಾತ್ರ ಯಂತ್ರವು ಮಾಡುತ್ತಿದ್ದುದರಿಂದ ಕೊಠಡಿಯ ಬೀಗವೇ ಸಾಕಾಗಿತ್ತು. 1961ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಫರ್ನಾಂಡೊ ಕಾರ್ಬಾಟೊ ಎಂಬ ವಿಜ್ಞಾನಿಯ ನೇತೃತ್ವದಲ್ಲಿ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯ ಪ್ರಾತ್ಯಕ್ಷಿಕೆ ನಡೆಯಿತು. ಹಲವರು ಏಕಕಾಲದಲ್ಲಿ ಒಂದೇ ಯಂತ್ರವನ್ನು ಹಂಚಿಕೊಂಡು ಬಳಸಲು ಅದು ಅವಕಾಶ ಮಾಡಿಕೊಟ್ಟಿತು. ಹಲವರು ಒಂದೇ ಮನೆಯಲ್ಲಿ ವಾಸಿಸತೊಡಗಿದರೆ ಅವರವರ ಪೆಟ್ಟಿಗೆಗೆ ಅವರವರ ಬೀಗ ಬೇಕಾಗುತ್ತದೆ. ಆ ಬೀಗವೇ ಗುಪ್ತಪದ. ಅಂದಿನಿಂದ ಗಣಕವು ಯಾರು ಬಂದರೂ ಮೊದಲು ಅವರ ಗುರುತನ್ನು ಕೇಳಲು ಕಲಿಯಿತು.

ಬೀಗದ ಜೊತೆಗೆ ಅಪಾಯವೂ ಬಂದಿತು. 1966ರಲ್ಲಿ ಆ ಸಂಸ್ಥೆಯಲ್ಲಿಯೇ ಒಂದು ವಿಚಿತ್ರ ಪ್ರಸಂಗ ನಡೆಯಿತು. ಒಳಬರುವ ಎಲ್ಲರಿಗೂ ಕಾಣಬೇಕಾದ ಆ ದಿನದ ಸೂಚನೆಯೂ, ಯಾರಿಗೂ ಕಾಣಬಾರದ ಗುಪ್ತಪದಗಳ ಪಟ್ಟಿಯೂ ಒಂದೇ ವೇಳೆಯಲ್ಲಿ ತಿದ್ದುಪಡಿಗೆ ಒಳಗಾಗಿದ್ದವು. ತಿದ್ದುವ ತಂತ್ರಾಂಶವು ತನ್ನ ತಾತ್ಕಾಲಿಕ ಕಡತಕ್ಕೆ ಯಾವಾಗಲೂ ಒಂದೇ ಹೆಸರನ್ನು ಕೊಡುತ್ತಿದ್ದುದರಿಂದ ಎರಡು ಕಡತಗಳೂ ಅದಲುಬದಲಾದವು. ಅನಂತರ ಲಾಗಿನ್ ಆದ ಪ್ರತಿಯೊಬ್ಬರ ಮುಂದೆಯೂ ಎಲ್ಲರ ಗುಪ್ತಪದಗಳು ಸಾಲುಸಾಲಾಗಿ ಮೂಡಿದವು! ಬಾಗಿಲನ್ನು ಮುರಿದು ಒಳಗೆ ಬಂದವರು ಯಾರೂ ಇರಲಿಲ್ಲ; ಬಾಗಿಲೇ ಬೀಗದ ಕೈಗಳನ್ನು ಹಂಚಿತ್ತು.

ಇಂತಹ ಅನುಭವಗಳಿಂದ ವಿಜ್ಞಾನಿಗಳು ಪಾಠ ಕಲಿತರು. ಯೂನಿಕ್ಸ್ ಎಂಬ ವ್ಯವಸ್ಥೆಯಲ್ಲಿ ಗುಪ್ತಪದವನ್ನು ಇದ್ದಂತೆಯೇ ಬರೆದಿಡದೆ, ಗಣಿತದ ಒಂದು ಕ್ರಮದಿಂದ ಅದನ್ನು ರೂಪಾಂತರಗೊಳಿಸಿ ಇಡುವ ಪದ್ಧತಿ ಬಂದಿತು. ಕಾಳನ್ನು ಹಿಟ್ಟು ಮಾಡಬಹುದು. ಹಿಟ್ಟನ್ನು ಮತ್ತೆ ಕಾಳು ಮಾಡಲಾಗದು. ಅದೇ ರೀತಿ ಗುಪ್ತಪದದಿಂದ ಆ ರೂಪವನ್ನು ಪಡೆಯಬಹುದು. ಆ ರೂಪವನ್ನೇ ಹಿಂದಕ್ಕೆ ತಿರುಗಿಸಿ ಗುಪ್ತಪದವನ್ನು ಪಡೆಯುವ ದಾರಿಯಿಲ್ಲ. ಬಳಕೆದಾರನು ಪ್ರತಿಸಲವೂ ಒತ್ತಿದ ಅಕ್ಷರಗಳನ್ನು ವ್ಯವಸ್ಥೆಯು ಹೊಸದಾಗಿ ಬೀಸಿ, ಬಂದ ಹಿಟ್ಟು ಹಿಂದಿನದಕ್ಕೆ ಹೊಂದುತ್ತದೆಯೇ ಎಂದು ನೋಡುತ್ತದೆ. ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಮ್ಸನ್ 1979ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಈ ವಿಧಾನವನ್ನು ವಿವರಿಸಿದರು.

ಅಂದಿನ ಬಾಗಿಲು ಬರಿಯ ಅಕ್ಷರಗಳಿಂದಾದುದು. ಕಪ್ಪು ತೆರೆಯ ಮೇಲೆ ‘ಲಾಗಿನ್’ ಎಂಬ ಒಂದು ಪದ ಮೂಡುತ್ತಿತ್ತು, ಅಷ್ಟೆ. 1984ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥೆಯಲ್ಲಿ ‘ಎಕ್ಸ್ ವಿಂಡೋ’ ಎಂಬ ಚಿತ್ರಾತ್ಮಕ ವ್ಯವಸ್ಥೆಯ ನಿರ್ಮಾಣ ಆರಂಭವಾಯಿತು. ಕಿಟಕಿಗಳು, ಚಿತ್ರಗಳು, ಮೌಸಿನ ಬಾಣ ಇವೆಲ್ಲ ಯೂನಿಕ್ಸ್ ಗಣಕಗಳ ತೆರೆಯ ಮೇಲೆ ಬಂದವು. ಒಳಗೆ ಚಿತ್ರಶಾಲೆಯಿದ್ದು ಬಾಗಿಲು ಮಾತ್ರ ಹಳೆಯದಾಗಿದ್ದರೆ ಹೊಂದುವುದೆಂತು? 1988ರಲ್ಲಿ ಎಕ್ಸ್ ವಿಂಡೋದ ಜೊತೆಯಲ್ಲಿಯೇ ‘ಎಕ್ಸ್‌ಡಿಎಂ’ ಎಂಬ ಚಿತ್ರಾತ್ಮಕ ದ್ವಾರಪಾಲಕನು ಹೊರಬಂದನು. ಅದನ್ನು ರಚಿಸಿದವನು ಕೀತ್ ಪ್ಯಾಕರ್ಡ್. ಇಂದಿನ ಅನೇಕ ದ್ವಾರಪಾಲಕರ ಹೆಸರಿನ ಕೊನೆಯಲ್ಲಿ ‘ಡಿಎಂ’ ಎಂಬ ಎರಡು ಅಕ್ಷರಗಳು ಉಳಿದುಬಂದಿರುವುದು ಈ ಹಿರಿಯನ ನೆನಪಿನಂತಿದೆ.

ದ್ವಾರಪಾಲಕನ ಕರ್ತವ್ಯಗಳನ್ನು ಕ್ರಮವಾಗಿ ನೋಡಿದರೆ ವಿಷಯವು ಸ್ಪಷ್ಟವಾಗುತ್ತದೆ. ಗಣಕವು ಎಚ್ಚೆತ್ತೊಡನೆ ಅವನು ಚಿತ್ರಗಳನ್ನು ತೋರಿಸುವ ವ್ಯವಸ್ಥೆಯನ್ನು ಸಿದ್ಧಪಡಿಸುತ್ತಾನೆ. ಬಳಿಕ ಸ್ವಾಗತದ ತೆರೆಯನ್ನು ಹಿಡಿದು ಹೆಸರನ್ನೂ ಗುಪ್ತಪದವನ್ನೂ ಕೇಳಿ ಪಡೆಯುತ್ತಾನೆ. ಅವು ಸರಿಯೋ ತಪ್ಪೋ ಎಂದು ತಾನೇ ತೀರ್ಮಾನಿಸದೆ ‘ಪ್ಯಾಮ್’ ಎಂಬ ಒಳಗಿನ ಪರೀಕ್ಷಕನಿಗೆ ಒಪ್ಪಿಸುತ್ತಾನೆ. ಈ ಪರೀಕ್ಷಾ ಪದ್ಧತಿಯನ್ನು 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯವರು ಮುಂದಿಟ್ಟರು. ಪರೀಕ್ಷಕನು ಒಪ್ಪಿದರೆ ದ್ವಾರಪಾಲಕನು ಆ ಬಳಕೆದಾರನ ಹೆಸರಿನಲ್ಲಿ, ಅವನಿಗಿರುವ ಹಕ್ಕುಗಳ ಮಿತಿಯಲ್ಲಿ ಕೆಲಸದ ಅಂಗಳವನ್ನು ತೆರೆದುಕೊಡುತ್ತಾನೆ. ಅವನು ಕೆಲಸ ಮುಗಿಸಿ ಹೊರಟೊಡನೆ ಆ ಅಂಗಳವನ್ನು ಮುಚ್ಚಿ, ಮತ್ತೆ ಬಾಗಿಲಿಗೆ ಬಂದು ನಿಲ್ಲುತ್ತಾನೆ.

ಇದರಿಂದ ಒಂದು ಮುಖ್ಯ ಸಂಗತಿ ತಿಳಿಯುತ್ತದೆ. ಗುಪ್ತಪದವನ್ನು ಪರೀಕ್ಷಿಸುವವನು ಒಳಗಿನವನಾದುದರಿಂದ, ಸ್ವಾಗತದ ತೆರೆಯ ಹಿಂದೆ ಹಿಮಾಲಯದ ಚಿತ್ರವಿರಲಿ, ಬರಿಯ ಬೂದುಬಣ್ಣವಿರಲಿ, ಆ ಪರೀಕ್ಷೆಯ ಬಿಗಿ ಒಂದೇ. ಹೊಸದಾಗಿ ದ್ವಾರಪಾಲಕನನ್ನು ಆರಿಸುವವರು ಸಾಮಾನ್ಯವಾಗಿ ಮೊದಲು ನೋಡುವುದು ಚಿತ್ರವನ್ನು. ಅಂದವು ಬೇಡವೆಂದಲ್ಲ, ದಿನವೂ ಕಾಣುವ ಬಾಗಿಲು ಕಣ್ಣಿಗೆ ಹಿತವಾಗಿರಲಿ. ಆದರೆ ಬಾಗಿಲ ಮೇಲಿನ ರಂಗವಲ್ಲಿಯನ್ನು ನೋಡಿ ಕಾವಲಿನ ಬಲವನ್ನು ಅಳೆಯಲಾಗದು.

ವಿಂಡೋಸ್‌ನಂತಹ ವ್ಯವಸ್ಥೆಗಳಲ್ಲಿ ಸ್ವಾಗತದ ತೆರೆಯನ್ನು ವ್ಯವಸ್ಥೆಯ ತಯಾರಕರೇ ನಿರ್ಧರಿಸಿರುತ್ತಾರೆ. 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್‌ನ ಮಾರ್ಗವು ಬೇರೆ. ಅದು ಅನೇಕರು ಬಿಡಿಬಿಡಿಯಾಗಿ ರಚಿಸಿದ ಭಾಗಗಳನ್ನು ಕೂಡಿಸಿ ಕಟ್ಟಿದ ಮನೆಯಂತಿರುವುದರಿಂದ ಒಂದು ಭಾಗವನ್ನು ತೆಗೆದು ಇನ್ನೊಂದನ್ನು ಕೂಡಿಸಬಹುದು. ಅಲ್ಲಿ ಒಳಗಿನ ಅಂಗಳಗಳೂ ಹಲವು. 1996ರಲ್ಲಿ ಕೆಡಿಇ ಎಂಬುದೂ 1997ರಲ್ಲಿ ಗ್ನೋಮ್ ಎಂಬುದೂ ಆರಂಭವಾದವು. ಗ್ನೋಮ್‌ನವರು ‘ಜಿಡಿಎಂ’ ಎಂಬ ದ್ವಾರಪಾಲಕನನ್ನು ಸಿದ್ಧಪಡಿಸಿದರು. ಕೆಡಿಇಯವರು ಹಳೆಯ ಎಕ್ಸ್‌ಡಿಎಂ ಅನ್ನೇ ಆಧಾರವಾಗಿರಿಸಿಕೊಂಡು ‘ಕೆಡಿಎಂ’ ಅನ್ನು ಕಟ್ಟಿದರು. 2014ರಲ್ಲಿ ಪ್ಲಾಸ್ಮಾ 5 ಬಂದಾಗ ಅದನ್ನು ಕೈಬಿಟ್ಟು ‘ಎಸ್‌ಡಿಡಿಎಂ’ ಕಡೆಗೆ ತಿರುಗಿದರು. ಯಾವ ಅಂಗಳಕ್ಕೂ ಅಂಟಿಕೊಳ್ಳದೆ ಹಗುರವಾಗಿರಬೇಕೆಂಬ ಉದ್ದೇಶದಿಂದ 2010ರ ಸುಮಾರಿಗೆ ‘ಲೈಟ್‌ಡಿಎಂ’ ರೂಪುಗೊಂಡಿತು.

ಇವುಗಳಲ್ಲಿ ಯಾವುದು ಶ್ರೇಷ್ಠ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಯಾರ ಮನೆಗೆ, ಎಂತಹ ಯಂತ್ರಕ್ಕೆ, ಎಂತಹ ಬಳಕೆದಾರರಿಗೆ ಎಂದು ಕೇಳಿದಾಗ ಮಾತ್ರ ಉತ್ತರ ದೊರೆಯುತ್ತದೆ.

ಮೊದಲನೆಯದಾಗಿ ಬಾಗಿಲು ಮನೆಗೆ ಹೊಂದಬೇಕು. ಗ್ನೋಮ್ ಅಂಗಳವನ್ನು ಬಳಸುವವನು ಸ್ವಲ್ಪ ಹೊತ್ತು ಎದ್ದು ಹೋಗುವಾಗ ತೆರೆಗೆ ಬೀಗ ಹಾಕುವ ಸೌಕರ್ಯವು ಜಿಡಿಎಂನ ನೆರವನ್ನು ಅವಲಂಬಿಸಿದೆ. ಅಂಗಳವನ್ನು ಹಾಗೆಯೇ ಉಳಿಸಿಕೊಂಡು ಜಿಡಿಎಂ ಬದಲಿಗೆ ಬೇರೊಂದನ್ನು ತಂದರೆ ಆ ಬೀಗವು ಕೆಲಸ ಮಾಡದೆ ಹೋಗುತ್ತದೆ. ಉಬುಂಟು ಎಂಬ ಪ್ರಸಿದ್ಧ ಲಿನಕ್ಸ್ ಬಳಗದ ನಡೆಯು ಇದಕ್ಕೆ ನಿದರ್ಶನ. ಅದು ತನ್ನದೇ ಆದ ‘ಯೂನಿಟಿ’ ಎಂಬ ಅಂಗಳವನ್ನು ಬಳಸುತ್ತಿದ್ದಾಗ, 2011ರಲ್ಲಿ ಲೈಟ್‌ಡಿಎಂ ಅನ್ನು ಆರಿಸಿಕೊಂಡಿತು. 2017ರಲ್ಲಿ ಯೂನಿಟಿಯನ್ನು ಬಿಟ್ಟು ಗ್ನೋಮ್‌ಗೆ ಮರಳಿದಾಗ ಜಿಡಿಎಂಗೂ ಮರಳಿತು. ಅದೇ 2017ರಲ್ಲಿ ಬೇರೆ ಅಂಗಳಗಳನ್ನುಳ್ಳ ಲಿನಕ್ಸ್ ಮಿಂಟ್ ಬಳಗವು ಲೈಟ್‌ಡಿಎಂ ಅನ್ನು ಸ್ವೀಕರಿಸಿತು. ಇಬ್ಬರೂ ವಿರುದ್ಧ ದಿಕ್ಕಿನಲ್ಲಿ ನಡೆದರು. ಇಬ್ಬರದೂ ವಿವೇಕದ ನಡೆಯೇ.

ಎರಡನೆಯದು ಯಂತ್ರದ ಶಕ್ತಿ. ಜಿಡಿಎಂ ತನ್ನ ಸ್ವಾಗತದ ತೆರೆಗಾಗಿ ಗ್ನೋಮ್ ಅಂಗಳದ ಮುಖ್ಯ ತಂತ್ರಾಂಶವನ್ನೇ ಬಳಸಿಕೊಳ್ಳುತ್ತದೆ. ಆದುದರಿಂದ ಅದರಲ್ಲಿ ಸೌಕರ್ಯಗಳು ಹೆಚ್ಚು, ಭಾರವೂ ಹೆಚ್ಚು. ಹೊಸ ಯಂತ್ರಕ್ಕೆ ಇದೊಂದು ಹೊರೆಯಾಗದು. ಆದರೆ ಹಲವು ವರ್ಷ ದುಡಿದು ದಣಿದ, ಸ್ಮೃತಿಶಕ್ತಿ ಕಡಮೆಯಿರುವ ಯಂತ್ರವನ್ನು ಇನ್ನೂ ಕೆಲವು ಕಾಲ ಬಳಸಬೇಕೆಂದಿರುವ ಶಾಲೆಗೆ ಲೈಟ್‌ಡಿಎಂನಂತಹ ಹಗುರವಾದುದು ಉಪಕಾರಿ. ಅದರಲ್ಲಿ ಕಾವಲಿನ ಭಾಗವೂ ಸ್ವಾಗತದ ಭಾಗವೂ ಬೇರೆಬೇರೆಯಾಗಿರುವುದರಿಂದ ಸ್ವಾಗತದ ಭಾಗವನ್ನು ಯಂತ್ರದ ಶಕ್ತಿಗೆ ತಕ್ಕಂತೆ ಬದಲಾಯಿಸಬಹುದು.

ಮೂರನೆಯದು ಎಲ್ಲಕ್ಕಿಂತ ಮಾನವೀಯವಾದುದು. ಪುರಾಣದ ಕಥೆಯಲ್ಲಿ ವೈಕುಂಠದ ದ್ವಾರಪಾಲಕರಾದ ಜಯವಿಜಯರು ಸನಕಾದಿ ಮುನಿಗಳನ್ನು ಬಾಗಿಲಲ್ಲಿ ತಡೆದು ಶಾಪಕ್ಕೆ ಗುರಿಯಾದರು. ಕಳ್ಳನನ್ನು ಒಳಗೆ ಬಿಟ್ಟುದು ಅವರ ಅಪರಾಧವಾಗಿರಲಿಲ್ಲ. ಯೋಗ್ಯರನ್ನು ಹೊರಗೆ ನಿಲ್ಲಿಸಿದುದೇ ಅಪರಾಧವಾಯಿತು. ಗಣಕದ ದ್ವಾರಪಾಲಕನಿಂದಲೂ ಇಂತಹ ತಪ್ಪು ಆಗಬಹುದು. ದೃಷ್ಟಿಯಿಲ್ಲದ ವಿದ್ಯಾರ್ಥಿಗೆ ತೆರೆಯ ಮೇಲಿರುವುದನ್ನು ಓದಿ ಹೇಳುವ ‘ಓರ್ಕಾ’ ಎಂಬ ತಂತ್ರಾಂಶವು ಗ್ನೋಮ್‌ನಲ್ಲಿದೆ. ಅದು ಒಳಗಿನ ಅಂಗಳದಲ್ಲಿ ಮಾತ್ರ ಮಾತನಾಡಿ ಬಾಗಿಲಲ್ಲಿ ಮೂಕವಾಗಿದ್ದರೆ ಏನು ಪ್ರಯೋಜನ? ಒಳಗೆ ಹೋಗಲು ಅವನು ಪ್ರತಿದಿನವೂ ಮತ್ತೊಬ್ಬರ ಕೈಯನ್ನು ಹಿಡಿಯಬೇಕಾಗುತ್ತದೆ, ತನ್ನ ಗುಪ್ತಪದವನ್ನು ಅವರಿಗೆ ಹೇಳಬೇಕಾಗಿಯೂ ಬರಬಹುದು. ಜಿಡಿಎಂನ ಸ್ವಾಗತದ ತೆರೆಯಲ್ಲಿಯೇ ಓದುವ ಧ್ವನಿ, ದೊಡ್ಡ ಅಕ್ಷರ, ತೆರೆಯ ಮೇಲಿನ ಕೀಲಿಮಣೆ ಮೊದಲಾದ ಸೌಕರ್ಯಗಳನ್ನು ಆರಿಸಿಕೊಳ್ಳಲು ಅವಕಾಶವಿದೆ. ಹಲವರು ಬಳಸುವ ಗಣಕಕ್ಕೆ ದ್ವಾರಪಾಲಕನನ್ನು ಆರಿಸುವವರು ಇದನ್ನು ಮೊದಲೇ ಪರೀಕ್ಷಿಸಿ ನೋಡಬೇಕು.

ಭಾಷೆಯ ವಿಷಯವೂ ಇದಕ್ಕೆ ಸೇರಿದುದು. ಕನ್ನಡದಲ್ಲಿ ಬರೆಯುವವರು ಕೀಲಿಮಣೆಯ ವಿನ್ಯಾಸವನ್ನು ಆಗಾಗ ಬದಲಾಯಿಸುತ್ತಾರೆ. ಒಂದೇ ಕೀಲಿಯು ಒಂದು ವಿನ್ಯಾಸದಲ್ಲಿ ಇಂಗ್ಲಿಷಿನ ಅಕ್ಷರವನ್ನೂ ಇನ್ನೊಂದರಲ್ಲಿ ಕನ್ನಡದ ಅಕ್ಷರವನ್ನೂ ಕೊಡುತ್ತದೆ. ಗುಪ್ತಪದದ ಅಕ್ಷರಗಳು ಚುಕ್ಕೆಗಳಾಗಿ ಮಾತ್ರ ಕಾಣುವುದರಿಂದ, ವಿನ್ಯಾಸವು ಬದಲಾಗಿದ್ದರೆ ಬಳಕೆದಾರನಿಗೆ ತಿಳಿಯುವುದಿಲ್ಲ. ಸರಿಯಾದ ಕೀಲಿಗಳನ್ನೇ ಒತ್ತಿದ್ದರೂ ಬಾಗಿಲು ತೆರೆಯದೆ ಅವನು ಬೆರಗಾಗುತ್ತಾನೆ. ಈಗ ಯಾವ ವಿನ್ಯಾಸವಿದೆ ಎಂಬುದನ್ನು ಸ್ವಾಗತದ ತೆರೆಯಲ್ಲಿಯೇ ತೋರಿಸುವ ದ್ವಾರಪಾಲಕನು ಈ ಕಷ್ಟವನ್ನು ತಪ್ಪಿಸುತ್ತಾನೆ.

ನಾಲ್ಕನೆಯದು ಎಚ್ಚರ. ದ್ವಾರಪಾಲಕನು ಯಾರ ಹೆಸರಿನಲ್ಲಿಯಾದರೂ ಅಂಗಳವನ್ನು ತೆರೆಯಬಲ್ಲವನಾದುದರಿಂದ ಅವನಿಗೆ ವ್ಯವಸ್ಥೆಯಲ್ಲಿ ಅತ್ಯುನ್ನತ ಅಧಿಕಾರವಿರುತ್ತದೆ. ಅವನಲ್ಲಿ ಒಂದು ಸಣ್ಣ ಲೋಪವಿದ್ದರೂ ಹಾನಿ ದೊಡ್ಡದು. 2020ರಲ್ಲಿ ಉಬುಂಟುವಿನಲ್ಲಿ ಬೆಳಕಿಗೆ ಬಂದ ಸಂಗತಿಯೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. ಆ ವ್ಯವಸ್ಥೆಯಲ್ಲಿ ಬಳಕೆದಾರರ ಲೆಕ್ಕವನ್ನಿಡುವ ಸಹಾಯಕ ತಂತ್ರಾಂಶವೊಂದಿದೆ. ಈ ಗಣಕದಲ್ಲಿ ಎಷ್ಟು ಮಂದಿ ಬಳಕೆದಾರರಿದ್ದಾರೆ ಎಂದು ಜಿಡಿಎಂ ಅದನ್ನು ಕೇಳುತ್ತಿತ್ತು. ಸಾಮಾನ್ಯ ಹಕ್ಕುಗಳನ್ನು ಮಾತ್ರ ಹೊಂದಿದ ಬಳಕೆದಾರನೊಬ್ಬನು ಆ ಸಹಾಯಕನನ್ನು ಉಪಾಯದಿಂದ ಸ್ತಬ್ಧಗೊಳಿಸಿದರೆ ಜಿಡಿಎಂಗೆ ಉತ್ತರ ಬರುತ್ತಿರಲಿಲ್ಲ. ಉತ್ತರ ಬಾರದಿದ್ದುದನ್ನೇ ಅದು ‘ಇಲ್ಲಿ ಯಾರೂ ಇಲ್ಲ’ ಎಂದು ಅರ್ಥಮಾಡಿಕೊಳ್ಳುತ್ತಿತ್ತು. ಯಾರೂ ಇಲ್ಲದಿದ್ದರೆ ಇದು ಹೊಸ ಗಣಕವೇ ಆಗಿರಬೇಕೆಂದು ತಿಳಿದು, ಮೊದಲ ಯಜಮಾನನ ಹೆಸರನ್ನು ಬರೆಯಿರಿ ಎಂದು ವಿನಯದಿಂದ ಕೇಳುತ್ತಿತ್ತು! ಹೀಗೆ ಅತಿಥಿಯಾಗಿ ಬಂದವನು ಮನೆಯ ಯಜಮಾನನಾಗಲು ಸಾಧ್ಯವಿತ್ತು.

ಸುರಕ್ಷತೆಯನ್ನು ಶೋಧಿಸುವ ಪರಿಣತನೊಬ್ಬನು ಈ ಲೋಪವನ್ನು ಕಂಡು ತಿಳಿಸಿದನು. ನಿರ್ಮಾಪಕರು ಅದನ್ನು ತಿದ್ದಿದರು. ಇಲ್ಲಿ ಎರಡು ಪಾಠಗಳಿವೆ. ಅನುಮಾನ ಬಂದಾಗ ಬಾಗಿಲು ಮುಚ್ಚಿರಬೇಕು ಎಂಬುದು ಮೊದಲನೆಯದು. ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೆಲ್ ಶ್ರೋಡರ್ 1975ರಲ್ಲಿಯೇ ಈ ತತ್ತ್ವವನ್ನು ತಮ್ಮ ಪ್ರಬಂಧದಲ್ಲಿ ಪ್ರತಿಪಾದಿಸಿದ್ದರು. ಮೌನವನ್ನು ಸಮ್ಮತಿಯೆಂದು ತಿಳಿಯುವುದು ಕಾವಲುಗಾರನ ಲಕ್ಷಣವಲ್ಲ. ಎರಡನೆಯ ಪಾಠವು ಆರಿಸುವವರಿಗೆ ಸಂಬಂಧಿಸಿದುದು. ಲೋಪವೇ ಇಲ್ಲದ ತಂತ್ರಾಂಶವಿಲ್ಲ. ಆದುದರಿಂದ ಲೋಪವು ಕಂಡೊಡನೆ ತಿದ್ದುವವರು ಹಿಂದೆ ಇದ್ದಾರೆಯೇ ಎಂದು ನೋಡಬೇಕು. ಕಣ್ಣಿಗೆ ಬಹು ಸುಂದರವಾಗಿದ್ದರೂ ನಿರ್ಮಾಪಕರು ಕೈಬಿಟ್ಟು ವರ್ಷಗಳಾಗಿರುವ ದ್ವಾರಪಾಲಕನನ್ನು ನೇಮಿಸಿಕೊಳ್ಳುವುದು ಅವಿವೇಕ. ತಿದ್ದುಪಡಿಗಳು ಬಂದೊಡನೆ ಅವುಗಳನ್ನು ಅಳವಡಿಸಿಕೊಳ್ಳದಿರುವುದೂ ಅಷ್ಟೇ ಅವಿವೇಕ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಫಲವೇನು?

ಸೌಕರ್ಯವೂ ಸುರಕ್ಷತೆಯೂ ಪರಸ್ಪರ ಜಗ್ಗುವ ಸಂದರ್ಭಗಳೂ ಇವೆ. ಸ್ವಾಗತದ ತೆರೆಯಲ್ಲಿ ಎಲ್ಲ ಬಳಕೆದಾರರ ಹೆಸರುಗಳನ್ನೂ ಚಿತ್ರಗಳನ್ನೂ ತೋರಿಸಿದರೆ ಮಕ್ಕಳಿಗೆ ತಮ್ಮದನ್ನು ಹುಡುಕಿಕೊಳ್ಳುವುದು ಸುಲಭ. ಆದರೆ ಅಪರಿಚಿತರು ಸುಳಿದಾಡುವ ಕಚೇರಿಯಲ್ಲಿ ಆ ಪಟ್ಟಿಯನ್ನು ಮರೆಮಾಡುವುದೇ ಲೇಸು. ಒಬ್ಬನೇ ಬಳಸುವ ಮನೆಯ ಗಣಕದಲ್ಲಿ ಗುಪ್ತಪದವನ್ನು ಕೇಳದೆಯೇ ಬಾಗಿಲು ತೆರೆಯುವಂತೆ ಮಾಡಿಕೊಳ್ಳಬಹುದು. ಹತ್ತು ಜನ ಬಳಸುವಲ್ಲಿ ಹಾಗೆ ಮಾಡಿದರೆ ಒಬ್ಬರ ಬರಹವನ್ನು ಇನ್ನೊಬ್ಬರು ಅಳಿಸಿಹಾಕಲು ಆಹ್ವಾನ ಕೊಟ್ಟಂತಾಗುತ್ತದೆ. ಜಿಡಿಎಂ, ಲೈಟ್‌ಡಿಎಂ ಇವೆರಡರಲ್ಲಿಯೂ ಇಂತಹ ಏರ್ಪಾಡುಗಳನ್ನು ಬದಲಾಯಿಸಿಕೊಳ್ಳಲು ಸಾಧ್ಯ. ಆರಿಸುವುದರಷ್ಟೇ ಮುಖ್ಯವಾದುದು ಆರಿಸಿದ ಮೇಲೆ ತಕ್ಕಂತೆ ಅಣಿಗೊಳಿಸುವುದು.

ಬದಲಾವಣೆಯ ಕಾರ್ಯವು ಕಷ್ಟದ್ದಲ್ಲ. ಒಂದೇ ಗಣಕದಲ್ಲಿ ಎರಡು ಮೂರು ದ್ವಾರಪಾಲಕರನ್ನು ಸ್ಥಾಪಿಸಬಹುದಾದರೂ ಬಾಗಿಲಲ್ಲಿ ನಿಲ್ಲಬೇಕಾದವನು ಒಬ್ಬನೇ. ಡೆಬಿಯನ್ ಮತ್ತು ಉಬುಂಟು ವ್ಯವಸ್ಥೆಗಳಲ್ಲಿ ಎರಡನೆಯವನನ್ನು ಸ್ಥಾಪಿಸುವಾಗ ಯಾರು ನಿಲ್ಲಬೇಕೆಂದು ವ್ಯವಸ್ಥೆಯೇ ಕೇಳುತ್ತದೆ. ಆರಿಸಿದವನ ಹೆಸರು ಒಂದು ಸಾಲಿನ ಪುಟ್ಟ ಕಡತದಲ್ಲಿ ದಾಖಲಾಗುತ್ತದೆ. ಆದರೆ ಹೊಸಬನು ಕೆಲಸಕ್ಕೆ ಬಾರದೆ ತೆರೆಯು ಬರಿದಾಗಿ ನಿಂತರೆ? ಆಗ ಬಳಕೆದಾರನು ತನ್ನ ಮನೆಯ ಹೊರಗೇ ನಿಲ್ಲಬೇಕಾಗುತ್ತದೆ. ದೊಡ್ಡ ಕೋಟೆಗಳಲ್ಲಿ ಹೆಬ್ಬಾಗಿಲಿನ ಜೊತೆಗೆ ದಿಡ್ಡಿ ಬಾಗಿಲೂ ಇರುವಂತೆ ಲಿನಕ್ಸ್‌ನಲ್ಲಿಯೂ ಅಕ್ಷರಗಳ ಹಳೆಯ ಬಾಗಿಲು ಇಂದಿಗೂ ಉಳಿದಿದೆ. ಕಂಟ್ರೋಲ್, ಆಲ್ಟ್, ಎಫ್3 ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಸಾಮಾನ್ಯವಾಗಿ ಅದು ತೆರೆಯುತ್ತದೆ. ಅಲ್ಲಿಯೂ ಹೆಸರನ್ನೂ ಗುಪ್ತಪದವನ್ನೂ ಕೊಟ್ಟೇ ಒಳಹೊಕ್ಕು, ಹಳೆಯ ದ್ವಾರಪಾಲಕನನ್ನು ಮತ್ತೆ ನಿಲ್ಲಿಸಬಹುದು. ಹೆಬ್ಬಾಗಿಲನ್ನು ಬದಲಾಯಿಸಹೊರಟವನು ದಿಡ್ಡಿ ಬಾಗಿಲಿನ ದಾರಿಯನ್ನು ಮೊದಲೇ ನೋಡಿಕೊಂಡಿರುವುದು ಜಾಣತನ.

ಒಟ್ಟಿನಲ್ಲಿ ಸ್ವಾಗತದ ತೆರೆಯ ಆಯ್ಕೆಯು ಬರಿಯ ಅಲಂಕಾರದ ವಿಷಯವೆಂದು ತಿಳಿಯುವವರು ಬಾಗಿಲಿನ ಅರ್ಧವನ್ನು ಮಾತ್ರ ಕಂಡಂತಾಗುತ್ತದೆ. ಮನೆಗೆ ಹೊಂದುವವನು, ಯಂತ್ರಕ್ಕೆ ಭಾರವಾಗದವನು, ಯೋಗ್ಯರಾದ ಯಾರನ್ನೂ ಹೊರಗೆ ನಿಲ್ಲಿಸದವನು, ಉತ್ತರ ಬಾರದಿದ್ದಾಗ ಅಗುಳಿಯನ್ನು ತೆಗೆಯದವನು, ತಪ್ಪಿದಾಗ ತಿದ್ದುವ ಹಿರಿಯರನ್ನು ಬೆನ್ನಿಗೆ ಉಳ್ಳವನು ಉತ್ತಮ ದ್ವಾರಪಾಲಕ. ಅವನು ತನ್ನ ಕೆಲಸವನ್ನು ಸರಿಯಾಗಿ ಮಾಡಿದ ದಿನ ಯಾರಿಗೂ ಅವನ ನೆನಪೇ ಆಗುವುದಿಲ್ಲ. ಎಲ್ಲರೂ ನೆಮ್ಮದಿಯಿಂದ ಒಳಗೆ ಹೋಗಿ ತಮ್ಮ ತಮ್ಮ ಕೆಲಸದಲ್ಲಿ ತೊಡಗುತ್ತಾರೆ.